ವಂಶವೃಕ್ಷದ ಗೆಣ್ಣು: ಗಣಕಲೇಖನದಲ್ಲಿ ಅದರ ನಿರೂಪಣೆಯನ್ನು ಕುರಿತ ಒಂದು ವಿಮರ್ಶೆ

೧

ಜೀವಜಾತಿಗಳ ಬಂಧುತ್ವವನ್ನು ಮರದ ರೂಪದಲ್ಲಿ ಚಿತ್ರಿಸುವ ಪದ್ಧತಿ ಈಚಿನದಲ್ಲ. ಚಾರ್ಲ್ಸ್ ಡಾರ್ವಿನ್ ೧೮೩೭ರಲ್ಲಿ ತನ್ನ ಟಿಪ್ಪಣಿಪುಸ್ತಕದಲ್ಲಿ ಕವಲೊಡೆಯುವ ರೇಖೆಗಳ ಒಂದು ಪುಟ್ಟ ಚಿತ್ರವನ್ನು ಬರೆದಿಟ್ಟನು. ೧೮೫೯ರಲ್ಲಿ ಹೊರಬಂದ ಆತನ ಮಹಾಗ್ರಂಥದಲ್ಲಿದ್ದ ಚಿತ್ರ ಒಂದೇ ಒಂದು, ಅದೂ ಇಂಥ ಮರವೇ. ಆ ಕಾಲದಲ್ಲಿ ಮರವನ್ನು ಬರೆಯುತ್ತಿದ್ದುದು ಕೈ, ಓದುತ್ತಿದ್ದುದು ಕಣ್ಣು. ಇಂದು ಮರವನ್ನು ಲೆಕ್ಕಹಾಕುವುದೂ, ಕಾಪಿಡುವುದೂ, ಬರೆದು ತೋರಿಸುವುದೂ ಗಣಕಯಂತ್ರ. ಯಂತ್ರಕ್ಕೆ ಕಣ್ಣಿಲ್ಲವಾದ್ದರಿಂದ ಮರದ ಪ್ರತಿಯೊಂದು ಸಂಧಿಯನ್ನೂ ಅದಕ್ಕೆ ಅಕ್ಷರಗಳಲ್ಲಿ ವಿವರಿಸಿ ಹೇಳಬೇಕಾಗುತ್ತದೆ. ಹೀಗೆ ವಿವರಿಸುವ ಕ್ರಮಗಳು ಯಾವುವು, ಅವು ಏನನ್ನು ಉಳಿಸುತ್ತವೆ, ಏನನ್ನು ಕಳೆಯುತ್ತವೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮರದಲ್ಲಿ ಕವಲೊಡೆಯುವ ಸ್ಥಾನಕ್ಕೆ ನಾವು ಇಲ್ಲಿ 'ಗೆಣ್ಣು' ಎಂಬ ಮಾತನ್ನು ಬಳಸುತ್ತೇವೆ. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಕಬ್ಬಿನ ಗದ್ದೆಗಳಲ್ಲಿ ಈ ಮಾತು ದಿನನಿತ್ಯದ್ದು. ಬಿತ್ತನೆಗೆಂದು ಕಬ್ಬನ್ನು ತುಂಡುಮಾಡುವ ಬೇಸಾಯಗಾರ ಪ್ರತಿ ತುಂಡಿನಲ್ಲಿಯೂ ಗೆಣ್ಣು ಉಳಿಯುವಂತೆ ನೋಡಿಕೊಳ್ಳುತ್ತಾನೆ. ಏಕೆಂದರೆ ಮೊಳೆಯುವ ಕಣ್ಣು ಇರುವುದು ಅಲ್ಲಿಯೇ. ವಂಶವೃಕ್ಷದ ಗೆಣ್ಣಿನಲ್ಲಿಯೂ ಹಾಗೆಯೇ ಒಂದು ಹೊಸ ಕುಲದ ಮೊಳಕೆ ಅಡಗಿದೆಯೆಂದು ಭಾವಿಸುವುದರಿಂದ ಈ ಹೆಸರು ಅನುಚಿತವಾಗಲಾರದು. ಗೆಣ್ಣಿಗೂ ಗೆಣ್ಣಿಗೂ ನಡುವಣ ಭಾಗವನ್ನು ಕೊಂಬೆಯೆಂದೂ, ಮುಂದೆ ಕವಲಿಲ್ಲದ ತುದಿಯನ್ನು ಎಲೆಯೆಂದೂ, ಎಲ್ಲಕ್ಕೂ ಮೊದಲಿನ ಗೆಣ್ಣನ್ನು ಬೇರೆಂದೂ ಕರೆಯೋಣ.

ಗೆಣ್ಣನ್ನು ಬರೆದಿಡುವ ಕ್ರಮ ಕೇವಲ ಕ್ರಮವಿಧಿಕಾರರ, ಎಂದರೆ ಪ್ರೋಗ್ರಾಮು ಬರೆಯುವವರ, ಅನುಕೂಲದ ಪ್ರಶ್ನೆಯೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ನಮ್ಮ ಅಭಿಪ್ರಾಯ ಬೇರೆ. ಯಾವ ಪಾತ್ರೆಯಲ್ಲಿ ಜ್ಞಾನವನ್ನು ತುಂಬುತ್ತೇವೆಯೋ ಆ ಪಾತ್ರೆಯ ಆಕಾರವನ್ನು ಜ್ಞಾನವೂ ತಾಳುತ್ತದೆ. ಪಾತ್ರೆಯಲ್ಲಿ ಹಿಡಿಯದೆ ಹೋದದ್ದು ಚೆಲ್ಲಿಹೋಗುತ್ತದೆ, ಚೆಲ್ಲಿಹೋದದ್ದು ಓದುಗನ ಕಣ್ಣಿಗೆ ಬೀಳುವುದೇ ಇಲ್ಲ.

೨

ಈ ಸಮಸ್ಯೆಯನ್ನು ಅರಿಯಲು ಜೀವವಿಜ್ಞಾನದಿಂದ ಸ್ವಲ್ಪ ಹೊರಬಂದು ನಮ್ಮ ನಾಡಿನ ಒಂದು ವಂಶವೃಕ್ಷವನ್ನು ತೆಗೆದುಕೊಳ್ಳೋಣ. ಕೃಷ್ಣರಾಜಪೇಟೆಯ ಮಗ್ಗುಲಲ್ಲಿರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ ಸುಮಾರು ಕ್ರಿ.ಶ. ೧೨೫೦ರ ಕೃತಿ, ಹೊಯ್ಸಳ ಸೋಮೇಶ್ವರನ ಆಳ್ವಿಕೆಗೆ ಸೇರಿದ್ದು. ಆ ಮನೆತನದ ಶಾಸನಗಳು ದಾನದ ವಿಷಯಕ್ಕೆ ಬರುವ ಮುನ್ನ ಸಾಮಾನ್ಯವಾಗಿ ರಾಜವಂಶವನ್ನು ವರ್ಣಿಸುತ್ತವೆ. ವಿನಯಾದಿತ್ಯನ ಮಗ ಎರೆಯಂಗ. ಎರೆಯಂಗನಿಗೆ ಏಚಲದೇವಿಯಲ್ಲಿ ಬಲ್ಲಾಳ, ವಿಷ್ಣುವರ್ಧನ, ಉದಯಾದಿತ್ಯರೆಂಬ ಮೂವರು ಮಕ್ಕಳು. ವಿಷ್ಣುವರ್ಧನನ ಮಗ ಒಂದನೆಯ ನರಸಿಂಹ. ಆತನ ಮಗ ಇಮ್ಮಡಿ ಬಲ್ಲಾಳ. ಆತನ ಮಗ ಇಮ್ಮಡಿ ನರಸಿಂಹ. ಆತನ ಮಗ ಸೋಮೇಶ್ವರ. ಸೋಮೇಶ್ವರನ ತರುವಾಯ ರಾಜ್ಯ ಆತನ ಇಬ್ಬರು ಮಕ್ಕಳಾದ ಮುಮ್ಮಡಿ ನರಸಿಂಹ ಮತ್ತು ರಾಮನಾಥರ ನಡುವೆ ಒಡೆಯಿತೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ವಿದಿತವೇ ಇದೆ.

ಶಾಸನಕವಿಯ ಮುಂದಿದ್ದ ತೊಡಕು ಇಂದಿನ ಕ್ರಮವಿಧಿಕಾರನ ಮುಂದಿರುವ ತೊಡಕೇ. ಮರ ಕವಲೊಡೆಯುತ್ತದೆ, ಬರವಣಿಗೆ ಕವಲೊಡೆಯಲಾರದು. ಕಲ್ಲಿನ ಮೇಲಿನ ಸಾಲು ಎಡದಿಂದ ಬಲಕ್ಕೆ ನಡೆಯುವ ಒಂದೇ ಎಳೆ. ಕವಿಯ ಉಪಾಯ ತಂದೆಯನ್ನು ಮೊದಲು ಹೇಳಿ 'ಆತನ ಮಗನು' ಎಂದು ಮುಂದುವರಿಯುವುದು. ಗಣಕದ ಉಪಾಯ ಆವರಣಚಿಹ್ನೆಗಳನ್ನು ಒಂದರೊಳಗೊಂದು ಅಡಕಮಾಡುವುದು. ಮರಕ್ಕೂ ಅಡಕವಾದ ಆವರಣಗಳಿಗೂ ಇರುವ ಸಾಮ್ಯವನ್ನು ಗಣಿತಜ್ಞ ಆರ್ಥರ್ ಕೇಲಿ ೧೮೫೭ರಷ್ಟು ಹಿಂದೆಯೇ ಗುರುತಿಸಿದ್ದನು. ೧೯೮೬ರ ಜೂನ್ ೨೬ರಂದು ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಡೋವರ್ ಪಟ್ಟಣದಲ್ಲಿ, ನ್ಯೂಯಿಕ್ ಎಂಬವರ ಭೋಜನಶಾಲೆಯಲ್ಲಿ ಸೇರಿದ ಜೋಸೆಫ್ ಫೆಲ್ಸೆನ್‌ಸ್ಟೈನ್ ಮೊದಲಾದ ವಿದ್ವಾಂಸರು ಇದಕ್ಕೊಂದು ಸರ್ವಸಮ್ಮತ ರೂಪವನ್ನು ಕೊಟ್ಟರು. ಊಟದ ಮನೆಯ ಹೆಸರೇ ಲಿಪಿಗೆ ನಿಂತಿತು: ನ್ಯೂಯಿಕ್ ಲಿಪಿ. ಅದರಲ್ಲಿ ಹೊಯ್ಸಳವಂಶದ ಮೊದಲ ಭಾಗ ಹೀಗಾಗುತ್ತದೆ:

((ಬಲ್ಲಾಳ,ವಿಷ್ಣುವರ್ಧನ,ಉದಯಾದಿತ್ಯ)ಎರೆಯಂಗ)ವಿನಯಾದಿತ್ಯ;

ಶಾಸನದಲ್ಲಿ ಮೊದಲು ಬಂದ ತಂದೆ ಇಲ್ಲಿ ಕೊನೆಗೆ, ಮಕ್ಕಳ ಆವರಣ ಮುಗಿದ ಬಳಿಕ ಬರುತ್ತಾನೆ. ಇದು ಕೇವಲ ಸಂಪ್ರದಾಯ; ಇದರಿಂದ ಹಾನಿಯಿಲ್ಲ. ಹಾನಿ ತರಬಹುದಾದ ಭೇದಗಳು ಬೇರೆ ಇವೆ. ಶಾಸನದಲ್ಲಿ ಮಕ್ಕಳ ಹೆಸರುಗಳ ಕ್ರಮಕ್ಕೆ ಅರ್ಥವುಂಟು: ಹಿರಿಯನು ಮೊದಲು, ಕಿರಿಯನು ಆಮೇಲೆ. ನ್ಯೂಯಿಕ್ ಲಿಪಿಯಲ್ಲಿ ಒಂದು ಆವರಣದೊಳಗಿನ ಕ್ರಮಕ್ಕೆ ಯಾವ ಅರ್ಥವೂ ಇಲ್ಲ. ಉದಯಾದಿತ್ಯನನ್ನು ಮೊದಲು ಬರೆದರೂ ಅದು ಅದೇ ಮರ. ಆದರೂ ಅಚ್ಚಾದ ಚಿತ್ರದಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಎಲೆಗಳು ಹತ್ತಿರದ ಬಂಧುಗಳೆಂದು ಭ್ರಮಿಸುವ ವಿದ್ಯಾರ್ಥಿಗಳು ವಿರಳರಲ್ಲ. ಬಂಧುತ್ವವನ್ನು ಅಳೆಯಬೇಕಾದದ್ದು ಎಲೆಗಳ ಅಂತರದಿಂದಲ್ಲ. ಅವೆರಡೂ ಸೇರುವ ಗೆಣ್ಣು ಬೇರಿಗೆ ಎಷ್ಟು ಸಮೀಪ, ಎಷ್ಟು ದೂರ ಎಂಬುದರಿಂದ.

ಇನ್ನೊಂದು ಭೇದ ಮತ್ತೂ ಮುಖ್ಯವಾದದ್ದು. ಹೊಯ್ಸಳವೃಕ್ಷದ ಗೆಣ್ಣುಗಳೆಲ್ಲ ಹೆಸರುಳ್ಳ ವ್ಯಕ್ತಿಗಳು. ಎರೆಯಂಗನಿದ್ದನೆಂಬುದಕ್ಕೆ ಪ್ರಮಾಣವುಂಟು. ಜೀವವಿಕಾಸದ ವೃಕ್ಷದಲ್ಲಿ ನಮ್ಮ ಕಣ್ಣೆದುರಿಗಿರುವುವು ಎಲೆಗಳು ಮಾತ್ರ. ಒಳಗೆಣ್ಣುಗಳನ್ನು ಯಾರೂ ಕಂಡವರಿಲ್ಲ. ಅವು ಎಲೆಗಳಲ್ಲಿನ ಸಾದೃಶ್ಯವೈದೃಶ್ಯಗಳಿಂದ ಊಹಿಸಿದ ಪೂರ್ವಜರು. ಹೆಸರಿಡಲು ಬಾರದ ಈ ಪೂರ್ವಜನ ಜಾಗದಲ್ಲಿ, ಎಂದರೆ ಎರೆಯಂಗನ ಹೆಸರು ಬರಬೇಕಾದ ಆ ಖಾಲಿ ಸ್ಥಾನದಲ್ಲಿ, ವಿಜ್ಞಾನಿಗಳು ಬೇರೊಂದನ್ನು ತುಂಬಲು ತೊಡಗಿದರು. ತೊಡಕು ಹುಟ್ಟಿದ್ದು ಅಲ್ಲಿ.

೩

ಫೆಲ್ಸೆನ್‌ಸ್ಟೈನ್ ೧೯೮೫ರಲ್ಲಿ 'ಬೂಟ್‌ಸ್ಟ್ರಾಪ್' ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆಯನ್ನು ವಂಶವೃಕ್ಷಗಳಿಗೆ ಅನ್ವಯಿಸಿದನು. ದತ್ತಾಂಶದ ಕಂಬಸಾಲುಗಳನ್ನು ಮತ್ತೆ ಮತ್ತೆ ಯಾದೃಚ್ಛಿಕವಾಗಿ ಆರಿಸಿ, ಪ್ರತಿಸಲವೂ ಹೊಸದಾಗಿ ಮರವನ್ನು ಕಟ್ಟಿ, ಒಂದು ನಿರ್ದಿಷ್ಟ ವಿಭಜನೆ ನೂರಕ್ಕೆ ಎಷ್ಟು ಸಲ ಕಾಣಿಸಿಕೊಳ್ಳುತ್ತದೆಂದು ಎಣಿಸುವುದು ಇದರ ಸಾರ. ಹೀಗೆ ಬಂದ ಸಂಖ್ಯೆಯನ್ನು ನಾವು ಆಧಾರಾಂಕವೆನ್ನೋಣ. ಈ ಅಂಕ ಯಾವುದರ ಗುಣ? ಒಂದು ಕೊಂಬೆಯನ್ನು ಕಡಿದರೆ ಎಲೆಗಳು ಎರಡು ಗುಂಪಾಗುತ್ತವೆ. ಆ ಎರಡು ಗುಂಪುಗಳ ಬೇರ್ಪಡಿಕೆ ಎಷ್ಟು ದೃಢವೆಂದು ಆಧಾರಾಂಕ ಹೇಳುತ್ತದೆ. ಆದುದರಿಂದ ಅದು ಕೊಂಬೆಯ ಗುಣ, ಗೆಣ್ಣಿನದಲ್ಲ. ಆದರೆ ನ್ಯೂಯಿಕ್ ಲಿಪಿಯಲ್ಲಿ ಕೊಂಬೆಗೆ ಉದ್ದವನ್ನು ಬರೆಯಲು ಸ್ಥಳವಿದೆಯೇ ಹೊರತು ಆಧಾರಾಂಕವನ್ನು ಬರೆಯಲು ಪ್ರತ್ಯೇಕ ಸ್ಥಳವಿಲ್ಲ. ಹೀಗಾಗಿ ಅದನ್ನು ಗೆಣ್ಣಿನ ಹೆಸರಿನ ಜಾಗದಲ್ಲಿ ಕೂರಿಸುವ ರೂಢಿ ಬಂದಿತು.

ಬೇರು ಅಲುಗದಿರುವ ತನಕ ಈ ರೂಢಿ ನಡೆಯುತ್ತದೆ. ಪ್ರತಿಯೊಂದು ಗೆಣ್ಣಿಗೂ ಬೇರಿನ ಕಡೆಗೆ ಒಂದೇ ಕೊಂಬೆಯಿರುವುದರಿಂದ ಗೆಣ್ಣಿನ ಅಂಕವನ್ನು ಆ ಕೊಂಬೆಯದೆಂದು ಓದಿಕೊಳ್ಳಬಹುದು. ಆದರೆ ಬಹುತೇಕ ಗಣನಾವಿಧಾನಗಳು ಕೊಡುವುದು ಬೇರಿಲ್ಲದ ಮರವನ್ನು. ದೂರದ ಬಂಧುವೊಂದನ್ನು ಹೊರಗುಂಪಾಗಿ ಆರಿಸಿ ಬೇರನ್ನು ಆಮೇಲೆ ನೆಡುವುದು ವಾಡಿಕೆ. ಬೇರು ಸ್ಥಳಾಂತರವಾದಾಗ ಏನಾಗುತ್ತದೆಂಬುದನ್ನು ಐದು ಎಲೆಗಳ ಒಂದು ಸಣ್ಣ ಮರದಲ್ಲಿ ಪರೀಕ್ಷಿಸೋಣ:

(((ಅ,ಆ)೯೫,ಇ)೬೦,ಈ,ಉ);

ಇದರ ಅರ್ಥ ಸ್ಪಷ್ಟ. ಅ, ಆ ಎಂಬೆರಡು ಉಳಿದ ಮೂರರಿಂದ ಬೇರ್ಪಡುವುದಕ್ಕೆ ನೂರಕ್ಕೆ ೯೫ರ ಆಧಾರ. ಅ, ಆ, ಇ ಎಂಬ ಮೂರು ಈ, ಉಗಳಿಂದ ಬೇರ್ಪಡುವುದಕ್ಕೆ ೬೦ರ ಆಧಾರ. ಈಗ ಅ ಎಂಬುದು ಹೊರಗುಂಪೆಂದು ತಿಳಿದು ಬೇರನ್ನು ಅಲ್ಲಿಗೆ ಸರಿಸೋಣ. ಸರಿಯಾದ ಫಲ ಹೀಗಿರಬೇಕು:

(ಅ,(ಆ,(ಇ,(ಈ,ಉ)೬೦)೯೫));

ಅಂಕಗಳನ್ನು ಗೆಣ್ಣಿನ ಹೆಸರುಗಳೆಂದು ಭಾವಿಸಿ, ಗೆಣ್ಣಿನೊಡನೆಯೇ ಬಿಟ್ಟ ಕ್ರಮವಿಧಿ ಕೊಡುವ ಫಲವಾದರೋ ಇದು:

(ಅ,(ಆ,(ಇ,(ಈ,ಉ))೬೦)೯೫);

ಇ, ಈ, ಉಗಳ ಗುಂಪಿಗೆ ನಿಜವಾಗಿ ಇದ್ದದ್ದು ೯೫. ಇಲ್ಲಿ ಕಾಣುವುದು ೬೦. ಈ, ಉಗಳ ಜೋಡಿಗೆ ಇದ್ದ ೬೦ ಮಾಯವಾಗಿದೆ. ಒಂದೇ ಎಲೆಯನ್ನು ಬೇರ್ಪಡಿಸುವ ಕೊಂಬೆಗೆ, ಪರೀಕ್ಷೆಯೇ ಬೇಕಿಲ್ಲದ ಕಡೆ, ೯೫ ಬಂದು ಕುಳಿತಿದೆ. ಮರದ ಆಕಾರದಲ್ಲಿ ಲೋಪವಿಲ್ಲ, ಅಂಕಗಳಲ್ಲಿಯೂ ಲೋಪವಿಲ್ಲ. ಯಾವ ಅಂಕ ಯಾರದೆಂಬುದು ಮಾತ್ರ ತಪ್ಪಿದೆ. ಇಂಥ ತಪ್ಪು ನೋಟಕ್ಕೆ ಸಿಕ್ಕುವುದಿಲ್ಲವೆಂಬುದೇ ಅದರ ಅಪಾಯ. ೯೫ನ್ನು ನಂಬಿ, ೬೦ನ್ನು ಸಂಶಯಿಸಬೇಕೆಂದು ನಾವೇ ವಿದ್ಯಾರ್ಥಿಗಳಿಗೆ ಕಲಿಸಿರುತ್ತೇವೆ. ಅವರು ಕಲಿಸಿದಂತೆಯೇ ಓದಿ ತಪ್ಪು ನಿರ್ಣಯಕ್ಕೆ ಬರುತ್ತಾರೆ.

ಇದು ಕಲ್ಪಿತ ಭಯವಲ್ಲ. ಲ್ಯೂಕಾಸ್ ಚೆಕ್, ಹೈಮೆ ಉಯೆರ್ತಾ-ಸೆಪಾಸ್, ಅಲೆಕ್ಸಾಂಡ್ರೋಸ್ ಸ್ಟಮಟಾಕಿಸ್ ಎಂಬ ಮೂವರು ವಿದ್ವಾಂಸರು ಹತ್ತು ವೃಕ್ಷದರ್ಶಕಗಳನ್ನೂ ಹತ್ತು ಕ್ರಮವಿಧಿ ಸಂಚಯಗಳನ್ನೂ ಪರೀಕ್ಷಿಸಿ ೨೦೧೭ರಲ್ಲಿ ಒಂದು ವಿಮರ್ಶೆಯನ್ನು ಪ್ರಕಟಿಸಿದರು. ಆ ಇಪ್ಪತ್ತರಲ್ಲಿ ಹದಿನಾಲ್ಕು, ಗೆಣ್ಣಿನ ಮೇಲಿನ ಬರಹ ಗೆಣ್ಣಿನದೋ ಕೊಂಬೆಯದೋ ಎಂಬುದನ್ನು ಆರಿಸಲು ಬಳಸುವವನಿಗೆ ಅವಕಾಶವನ್ನೇ ಕೊಡುತ್ತಿರಲಿಲ್ಲ. ಪ್ರಕಟವಾದ ಸಂಶೋಧನೆಗಳಿಂದಲೇ ಅವರು ಉದಾಹರಣೆಗಳನ್ನು ಎತ್ತಿ ತೋರಿಸಿದರು. ಈ ವಿಮರ್ಶೆಯ ಫಲವಾಗಿ ಎಂಟು ಸಾಧನಗಳು ತಿದ್ದುಪಡಿಯಾದುವೆಂಬುದು ಸಂತೋಷದ ಸಂಗತಿ. ವಿಮರ್ಶೆಗೆ ಇದಕ್ಕಿಂತ ದೊಡ್ಡ ಸಾರ್ಥಕ್ಯ ಬೇಕಿಲ್ಲ.

ಎರೆಯಂಗನ ದೃಷ್ಟಾಂತ ಇಲ್ಲಿ ಮತ್ತೆ ಉಪಯುಕ್ತವಾಗುತ್ತದೆ. ಹೊಯ್ಸಳವೃಕ್ಷವನ್ನು ಎಲ್ಲಿಂದ ಹಿಡಿದೆತ್ತಿದರೂ 'ಎರೆಯಂಗ' ಎಂಬ ಹೆಸರು ಅದೇ ಗೆಣ್ಣಿನಲ್ಲಿ ಉಳಿಯಬೇಕು. ಆತ ಒಬ್ಬ ವ್ಯಕ್ತಿ. ಆಧಾರಾಂಕ ತನ್ನ ಕೊಂಬೆಯನ್ನು ಬಿಡಬಾರದು. ಅದೊಂದು ಸಂಬಂಧದ ಅಳತೆ. ಒಂದೇ ಸ್ಥಾನದಲ್ಲಿ ಬರೆದ ಎರಡು ಬಗೆಯ ಮಾತುಗಳು ಬೇರು ಚಲಿಸಿದಾಗ ಎರಡು ಬಗೆಯಾಗಿ ನಡೆದುಕೊಳ್ಳಬೇಕಾಗಿದೆ. ಲಿಪಿ ಈ ಭೇದವನ್ನು ಅರಿಯದು. ಅದನ್ನು ಅರಿಯಬೇಕಾದವನು ಓದುಗ.

ಹೊಸಹೊಳಲಿನ ದೇವಾಲಯದ ಅಧಿಷ್ಠಾನದ ಮೇಲೆ ಆರು ಪಟ್ಟಿಕೆಗಳು ಒಂದರ ಮೇಲೊಂದಾಗಿ ಓಡುತ್ತವೆ: ಆನೆಗಳು, ಕುದುರೆ ಸವಾರರು, ಬಳ್ಳಿಯ ಸುರುಳಿಗಳು, ಪುರಾಣಕಥೆಗಳು, ಮಕರಗಳು, ಹಂಸಗಳು. ಕಥೆಯ ಪಟ್ಟಿಕೆಯನ್ನು ಪ್ರದಕ್ಷಿಣಕ್ರಮದಲ್ಲಿ ನಡೆಯುವವನು ಒಂದು ರೀತಿಯಾಗಿ, ಎದುರುದಿಕ್ಕಿನಿಂದ ಬರುವವನು ಇನ್ನೊಂದು ರೀತಿಯಾಗಿ ಕಾಣುತ್ತಾನೆ. ಯಾವ ದೃಶ್ಯದ ಪಕ್ಕದಲ್ಲಿ ಯಾವ ದೃಶ್ಯವಿದೆಯೆಂಬುದು ಇಬ್ಬರಿಗೂ ಒಂದೇ. ಯಾವುದು ಮೊದಲು, ಯಾವುದು ಅನಂತರ ಎಂಬುದು ಮಾತ್ರ ತಿರುವುಮುರುವು. ಬೇರಿಲ್ಲದ ಮರಕ್ಕೂ ಬೇರುಳ್ಳ ಮರಕ್ಕೂ ಇರುವ ಭೇದ ಇಷ್ಟೇ. ಶಿಲ್ಪಿ ತನ್ನ ದಿಕ್ಕನ್ನು ಸಂಪ್ರದಾಯದಿಂದ ನಿಶ್ಚಯಿಸಿದ್ದನು. ಗಣಕಲೇಖನದಲ್ಲಿ ಅಂಥ ನಿಶ್ಚಯವನ್ನು ಯಾರಾದರೂ ಬರೆದಿಟ್ಟಿರಬೇಕು.

೪

ಕ್ರಮವಿಧಿ ಸಂಚಯಗಳು ಗೆಣ್ಣನ್ನು ತಮ್ಮೊಳಗೆ ಹೇಗೆ ಇಟ್ಟುಕೊಳ್ಳುತ್ತವೆಂಬುದನ್ನು ಈಗ ಸಂಕ್ಷೇಪವಾಗಿ ನೋಡೋಣ. ಪೈಥಾನ್ ಭಾಷೆಯ 'ಬಯೋಪೈಥಾನ್' ಸಂಚಯದ 'ಫೈಲೊ' ಎಂಬ ಭಾಗದಲ್ಲಿ ಪ್ರತಿಯೊಂದು ಗೆಣ್ಣೂ ತನ್ನ ಸಂತಾನವನ್ನೆಲ್ಲ ಒಳಗೊಂಡ ಒಂದು ಕುಲವಾಗಿರುತ್ತದೆ. ಅದಕ್ಕೆ ಮಕ್ಕಳ ಪಟ್ಟಿ ಗೊತ್ತು, ತಂದೆ ಗೊತ್ತಿಲ್ಲ. ಬೇರಿನಿಂದ ಇಳಿಯುವುದು ಸುಲಭ. ಎಲೆಯಿಂದ ಹತ್ತಬೇಕಾದವನು ತಂದೆಯರ ಸೂಚಿಯನ್ನು ತಾನೇ ಸಿದ್ಧಪಡಿಸಿಕೊಳ್ಳಬೇಕು. ಶಾಸನಕವಿಯ ಕ್ರಮಕ್ಕೆ ಇದು ಸಮೀಪ. 'ಇಟಿಇ' ಎಂಬ ಸಂಚಯದಲ್ಲಿ ಗೆಣ್ಣಿಗೆ ತಂದೆಯೂ ಮಕ್ಕಳೂ ಎರಡೂ ತಿಳಿದಿರುತ್ತವೆ. ಎರಡು ದಿಕ್ಕಿಗೂ ನಡೆಯಬಹುದು, ಆದರೆ ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆಯೂ ತಿದ್ದುವ ಹೊಣೆ ಬೀಳುತ್ತದೆ. 'ಡೆಂಡ್ರೋಪೈ' ಸಂಚಯದಲ್ಲಿ ಕೊಂಬೆ ಗೆಣ್ಣಿನಿಂದ ಪ್ರತ್ಯೇಕವಾದ ಒಂದು ವಸ್ತು. ತತ್ತ್ವದೃಷ್ಟಿಯಿಂದ ಇದೇ ಹೆಚ್ಚು ಶುದ್ಧವಾದದ್ದೆಂದು ನಮಗೆ ತೋರುತ್ತದೆ.

'ಆರ್' ಭಾಷೆಯ 'ಏಪ್' ಸಂಚಯದ ಮಾರ್ಗ ಇವುಗಳಿಂದ ಭಿನ್ನ. ಅಲ್ಲಿ ಗೆಣ್ಣು ವಸ್ತುವೇ ಅಲ್ಲ, ಒಂದು ಕ್ರಮಾಂಕ. ಎಲೆಗಳಿಗೆ ಒಂದರಿಂದ ಮೊದಲ್ಗೊಂಡು ಅಂಕಗಳು. ಎಲೆಗಳ ಸಂಖ್ಯೆಗೆ ಒಂದನ್ನು ಕೂಡಿಸಿದ ಅಂಕ ಬೇರಿಗೆ. ಇಡೀ ಮರ ಎರಡು ಕಂಬಸಾಲುಗಳ ಒಂದು ಕೋಷ್ಟಕ. ಪ್ರತಿ ಅಡ್ಡಸಾಲು ಒಂದು ಕೊಂಬೆ, ಮೊದಲನೆಯ ಅಂಕ ತಂದೆ, ಎರಡನೆಯದು ಮಗು. ಗಣಿತಕ್ಕೆ ಇದು ಬಹು ಅನುಕೂಲ. ಕೊಂಬೆಯ ಉದ್ದಗಳು ಒಂದು ಪಟ್ಟಿಯಲ್ಲಿಯೂ ಗೆಣ್ಣಿನ ಬರಹಗಳು ಇನ್ನೊಂದು ಪಟ್ಟಿಯಲ್ಲಿಯೂ ಇರುವುದರಿಂದ ಎರಡನ್ನೂ ಬೇರ್ಪಡಿಸುವ ಏರ್ಪಾಟು ಇದರಲ್ಲಿ ಸಹಜವಾಗಿಯೇ ಇದೆ. ಆದರೂ ನ್ಯೂಯಿಕ್ ಕಡತವನ್ನು ಓದುವಾಗ ಆಧಾರಾಂಕಗಳು ಗೆಣ್ಣಿನ ಪಟ್ಟಿಗೇ ಹೋಗಿ ಸೇರುತ್ತವೆ. ಬೇರನ್ನು ಸರಿಸುವಾಗ ಅವನ್ನು ಕೊಂಬೆಯವೆಂದು ಪರಿಗಣಿಸುವಂತೆ ಆಜ್ಞಾಪಿಸುವ ಅವಕಾಶವನ್ನು, ಮೇಲೆ ಹೇಳಿದ ವಿಮರ್ಶೆಯನ್ನು ಉಲ್ಲೇಖಿಸಿಯೇ, ಈ ಸಂಚಯ ಒದಗಿಸಿದೆ. ಬಳಸುವವನು ಕೇಳದಿದ್ದರೆ ಮಾತ್ರ ಅದು ತಾನಾಗಿ ನಡೆಯದು.

ಇನ್ನೊಂದು ಅಂಶ ಚಿಕ್ಕದಾಗಿ ಕಂಡರೂ ಗಮನಾರ್ಹ. ಇಟಿಇ ಸಂಚಯದ ಮೂರನೆಯ ಆವೃತ್ತಿಯಲ್ಲಿ ಕೊಂಬೆಯ ಉದ್ದವನ್ನು ಹೇಳದಿದ್ದರೆ ಅದು ೧ ಎಂದು, ಆಧಾರಾಂಕವನ್ನು ಹೇಳದಿದ್ದರೆ ಅದೂ ೧ ಎಂದು ತಾನಾಗಿ ತುಂಬಿಕೊಳ್ಳುತ್ತದೆ. ಅಳೆದು ಬಂದ ಒಂದಕ್ಕೂ ಅಳೆಯದೆ ತುಂಬಿದ ಒಂದಕ್ಕೂ ಆಮೇಲೆ ವ್ಯತ್ಯಾಸ ತಿಳಿಯುವುದೆಂತು? ಶಾಸನದ ಅಕ್ಷರ ಸವೆದುಹೋದ ಕಡೆ ಸಂಪಾದಕನು ಚುಕ್ಕಿಗಳನ್ನು ಇಡುತ್ತಾನೆ. ತನಗೆ ತೋರಿದ ಪದವನ್ನು ಮೂಲದ ಅಕ್ಷರವೆಂಬಂತೆ ಬರೆದುಬಿಡುವುದಿಲ್ಲ. ಶಾಸನಶಾಸ್ತ್ರದ ಈ ಶಿಸ್ತು ಗಣಕಲೇಖನಕ್ಕೂ ಬೇಕು. ಇಲ್ಲದ್ದನ್ನು ಇಲ್ಲವೆಂದು ಹೇಳಬಲ್ಲ ಗೆಣ್ಣೇ ವಿಶ್ವಾಸಾರ್ಹವಾದ ಗೆಣ್ಣು.

೫

ಒಂದು ಗೆಣ್ಣಿಗೆ ಎಷ್ಟು ಮಕ್ಕಳು? ಎರಡೇ ಎಂದು ಮೊದಲೇ ನಿರ್ಧರಿಸಿ 'ಎಡಮಗು', 'ಬಲಮಗು' ಎಂಬ ಎರಡೇ ಸ್ಥಾನಗಳನ್ನಿಟ್ಟು ಬರೆಯುವುದು ಗಣಕವಿಜ್ಞಾನದ ಪಾಠಪುಸ್ತಕಗಳಿಂದ ಬಂದ ಅಭ್ಯಾಸ. ಎರೆಯಂಗನ ಮೂವರು ಮಕ್ಕಳು ಅದರಲ್ಲಿ ಹಿಡಿಯುವುದಿಲ್ಲ. ಹಿಡಿಸಲೇಬೇಕೆಂದರೆ ಇಬ್ಬರನ್ನು ಜೋಡಿಮಾಡಿ, ಅವರಿಗೆ ಎಂದೂ ಇಲ್ಲದಿದ್ದ ಒಬ್ಬ ತಂದೆಯನ್ನು ಕಲ್ಪಿಸಿ, ಅವನನ್ನು ಎರೆಯಂಗನ ಮಗನೆನ್ನಬೇಕಾಗುತ್ತದೆ. ಒಬ್ಬನೇ ಮಗನುಳ್ಳ ವಿನಯಾದಿತ್ಯನ ಗೆಣ್ಣನ್ನಾದರೋ ಕವಲಿಲ್ಲದ್ದೆಂದು ಅಳಿಸಿಹಾಕುವ ಕ್ರಮವಿಧಿಗಳೂ ಉಂಟು. ಒಂದು ಕಡೆ ಇಲ್ಲದ ರಾಜನ ಸೃಷ್ಟಿ, ಇನ್ನೊಂದು ಕಡೆ ಇದ್ದ ರಾಜನ ಲೋಪ!

ಇಲ್ಲಿ ಎರಡು ಸಂದರ್ಭಗಳನ್ನು ಬೇರ್ಪಡಿಸಬೇಕು. ಎರೆಯಂಗನ ಗೆಣ್ಣಿನಲ್ಲಿ ಮೂರು ಕವಲುಗಳಿರುವುದು ವಾಸ್ತವ. ಬೇರೆ ಕೆಲವು ಗೆಣ್ಣುಗಳಲ್ಲಿ ಹಲವು ಕವಲುಗಳಿರುವುದು ನಮ್ಮ ಅರಿವಿನ ಮಿತಿಯಿಂದ: ಯಾವುದು ಮೊದಲು ಒಡೆಯಿತೆಂದು ತಿಳಿಯದೆ ಎಲ್ಲವನ್ನೂ ಒಂದೇ ಕಡೆ ಸೇರಿಸಿ ಬರೆದಿರುತ್ತೇವೆ. ನಮ್ಮ ಭಾಷಾಕುಟುಂಬವೇ ಇದಕ್ಕೆ ಒಳ್ಳೆಯ ನಿದರ್ಶನ. ವಿಷ್ಣುಪ್ರಿಯಾ ಕೋಲಿಪಾಕಂ ಮತ್ತು ಸಹೋದ್ಯೋಗಿಗಳು ಭಾಷಿಕರಿಂದಲೇ ನೇರವಾಗಿ ಸಂಗ್ರಹಿಸಿದ ಪದಗಳನ್ನು ಆಧರಿಸಿ, ಜೀವವಿಜ್ಞಾನದಿಂದ ಎರವಲು ತಂದ ಬೇಯ್ಸ್ ಪದ್ಧತಿಯ ಗಣನೆಯಿಂದ ದ್ರಾವಿಡ ಭಾಷೆಗಳ ವೃಕ್ಷವನ್ನು ಕಟ್ಟಿ ೨೦೧೮ರಲ್ಲಿ ಪ್ರಕಟಿಸಿದರು. ಕುಟುಂಬದ ವಯಸ್ಸು ಸುಮಾರು ೪,೫೦೦ ವರ್ಷಗಳೆಂದು ಅವರ ಅಂದಾಜು. ಉತ್ತರ, ಮಧ್ಯ, ದಕ್ಷಿಣ ಒಂದು, ದಕ್ಷಿಣ ಎರಡು ಎಂಬ ನಾಲ್ಕು ಮುಖ್ಯ ಶಾಖೆಗಳು ಆ ಗಣನೆಯಲ್ಲಿ ಮೂಡಿಬಂದುವು. ಆದರೆ ಈ ನಾಲ್ಕರ ಪರಸ್ಪರ ಸಂಬಂಧ ಬಹಳಮಟ್ಟಿಗೆ ಅನಿಶ್ಚಿತವೆಂದು ಅವರೇ ಸ್ಪಷ್ಟವಾಗಿ ಹೇಳಿದ್ದಾರೆ.

ಈ ಪದ್ಧತಿಯಿಂದ ಹೊರಬರುವುದು ಒಂದು ಮರವಲ್ಲ, ಸಾವಿರಾರು ಮರಗಳ ಒಂದು ಸಮೂಹ. ಒಂದು ಗೆಣ್ಣಿನ ಮೇಲಿನ ಅಂಕ ಆ ಸಮೂಹದಲ್ಲಿ ಎಷ್ಟು ಪಾಲು ಮರಗಳು ಆ ಗುಂಪನ್ನು ಒಪ್ಪುತ್ತವೆಂಬುದರ ಸೂಚನೆ. ಅಚ್ಚಿನಲ್ಲಿ ತೋರಿಸುವುದು ಸಮೂಹದ ಒಂದು ಪ್ರತಿನಿಧಿಯನ್ನು. ಆ ಚಿತ್ರವನ್ನು ತರಗತಿಯ ಕರಿಹಲಗೆಗೆ ಇಳಿಸುವಾಗ ನಾವು ಅಂಕಗಳನ್ನು ಬಿಟ್ಟು ಗೆರೆಗಳನ್ನು ಮಾತ್ರ ಇಳಿಸಿದರೆ ಅನಿಶ್ಚಿತವಾದ ಗೆಣ್ಣೂ ನಿಶ್ಚಿತವಾದ ಗೆಣ್ಣೂ ಒಂದೇ ದಪ್ಪದ ಗೆರೆಯಾಗಿ ನಿಲ್ಲುತ್ತವೆ. ಕನ್ನಡ ಯಾವ ಭಾಷೆಗೆ ಎಷ್ಟು ಹತ್ತಿರವೆಂಬ ಪ್ರಶ್ನೆ ನಮ್ಮಲ್ಲಿ ಕೇವಲ ವಿದ್ವತ್ತಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅಭಿಮಾನವೂ ಅದರಲ್ಲಿ ಬೆರೆಯುತ್ತದೆ. ಆದುದರಿಂದ ಸಂಶಯವನ್ನು ಸಂಶಯವಾಗಿಯೇ ತೋರಿಸುವ ಚಿತ್ರ ನಮಗೆ ಹೆಚ್ಚು ಅಗತ್ಯ.

೬

ಇದುವರೆಗೆ ನಾವು ಮಕ್ಕಳನ್ನು ಕುರಿತು ಹೇಳಿದೆವು. ತಂದೆತಾಯಿಯರ ಮಾತು ಇನ್ನೂ ಗಹನವಾದದ್ದು. ಮೇಲೆ ಕೊಟ್ಟ ಹೊಯ್ಸಳಲಿಪಿಯಲ್ಲಿ ಏಚಲದೇವಿ ಎಲ್ಲಿ? ಶಾಸನಗಳು ಅವಳನ್ನು ಮರೆತಿಲ್ಲ. ಮರೆತದ್ದು ನಮ್ಮ ಆವರಣಚಿಹ್ನೆ. ಸೋಮೇಶ್ವರನ ಇಬ್ಬರು ಮಕ್ಕಳು ಬೇರೆ ಬೇರೆ ರಾಣಿಯರಲ್ಲಿ ಹುಟ್ಟಿದವರೆಂಬ ಸಂಗತಿ ರಾಜ್ಯವಿಭಜನೆಯನ್ನು ಅರಿಯಲು ಬೇಕಾದದ್ದು; ಪ್ರತಿ ಗೆಣ್ಣಿಗೂ ಒಂದೇ ಹಿರಿಯ ಗೆಣ್ಣನ್ನು ಒಪ್ಪುವ ಲಿಪಿಯಲ್ಲಿ ಅದನ್ನು ಬರೆಯಲು ಬಾರದು.

ಜೀವಜಾತಿಗಳಲ್ಲಿ ಹೀಗೆ ಎರಡು ಕುಲಗಳು ಕೂಡಿ ಮೂರನೆಯದು ಹುಟ್ಟುವುದು ಅಪೂರ್ವವೆಂದು ಹಿಂದೆ ಎಣಿಸಲಾಗಿತ್ತು. ಮಂಡ್ಯ ಜಿಲ್ಲೆಯ ಗದ್ದೆಗಳನ್ನು ನೋಡಿದವರು ಹಾಗೆ ಹೇಳಲಾರರು. ಇಂದು ಬೆಳೆಯುವ ಕಬ್ಬು ಎರಡು ಜಾತಿಗಳ ಸಂಕರ: ಸಿಹಿಯಾದ ದಪ್ಪ ರಸದಾಳಿಗಳುಳ್ಳ 'ಸ್ಯಾಕರಮ್ ಅಫಿಸಿನಾರಮ್' ಒಂದು, ಸಿಹಿ ಕಡಮೆಯಾದರೂ ರೋಗಗಳನ್ನು ತಾಳಿಕೊಳ್ಳುವ ಕಾಡುಹುಲ್ಲು 'ಸ್ಯಾಕರಮ್ ಸ್ಪಾಂಟೇನಿಯಮ್' ಇನ್ನೊಂದು. ೧೯೧೨ರಲ್ಲಿ ಕೊಯಮತ್ತೂರಿನಲ್ಲಿ ಆರಂಭವಾದ ಕಬ್ಬಿನ ತಳಿ ಸಂಸ್ಥೆಯಲ್ಲಿ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅವರು ಇವೆರಡನ್ನೂ ಕೂಡಿಸಿ ಪಡೆದ 'ಸಿಒ ೨೦೫' ಎಂಬ ತಳಿ ೧೯೧೮ರಲ್ಲಿ ಬೇಸಾಯಕ್ಕೆ ಬಂದಿತು. ಅನಂತರದ ಕೊಯಮತ್ತೂರು ತಳಿಗಳು ಈ ಮಾರ್ಗದಲ್ಲಿಯೇ ಬೆಳೆದುವು. ಈ ಸಂಕರದಲ್ಲಿ ಒಂದು ವಿಚಿತ್ರವುಂಟು. ಮೊದಲ ಕೂಡಿಕೆಯಲ್ಲಿ ತಾಯಿಯಾದ ಅಫಿಸಿನಾರಮ್ ಸಾಮಾನ್ಯವಾಗಿ ತನ್ನ ೮೦ ವರ್ಣತಂತುಗಳನ್ನೂ ಇಡಿಯಾಗಿ ಕೊಡುತ್ತದೆ; ತಂದೆಯಾದ ಕಾಡುಹುಲ್ಲು ತನ್ನವುಗಳ ಅರ್ಧವನ್ನು ಮಾತ್ರ ಕೊಡುತ್ತದೆ. ಎಂದಮೇಲೆ ಇಬ್ಬರು ಹಿರಿಯರಿದ್ದಾರೆಂದು ಹೇಳಿದರೆ ಸಾಲದು. ಯಾರ ಪಾಲು ಎಷ್ಟು ಎಂದೂ ಹೇಳಬೇಕು. ಗೆಣ್ಣಿಗೆ ಹೆಸರು ಕೊಟ್ಟ ಬೆಳೆಯೇ ಗೆಣ್ಣಿನ ಏಕಪಿತೃತ್ವವನ್ನು ಅಲ್ಲಗಳೆಯುತ್ತದೆ!

ಕಬ್ಬು ಮನುಷ್ಯನ ಕೈವಾಡವೆಂದು ಯಾರಾದರೂ ಆಕ್ಷೇಪಿಸಬಹುದು. ಪ್ರಕೃತಿಯಿಂದಲೇ ಇನ್ನೊಂದು ನಿದರ್ಶನವನ್ನು ಕೊಡೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ ಕಾರಂತರು ಸಹೋದ್ಯೋಗಿಗಳೊಡನೆ ದಕ್ಷಿಣ ಏಷ್ಯದ ಮುಸುವಗಳ ಬಂಧುತ್ವವನ್ನು ಕುರಿತು ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಸ್ಮರಣೀಯ. ಕೊಡಗಿನ ಕಾಡುಗಳಲ್ಲಿಯೂ ಕಾಣಸಿಗುವ ನೀಲಗಿರಿ ಮುಸುವ ನಮ್ಮ ಹನುಮಾನ್ ಮುಸುವದ ಗುಂಪಿಗೇ ಸೇರಿದ್ದೆಂದು ಅವರು ತೋರಿಸಿದರು. ಆದರೆ ಈಶಾನ್ಯ ಭಾರತದ ಟೋಪಿ ಮುಸುವ, ಹೊಂಬಣ್ಣದ ಮುಸುವಗಳ ವಿಷಯದಲ್ಲಿ ಎರಡು ಸಾಕ್ಷ್ಯಗಳು ಎರಡು ಮಾತನ್ನಾಡಿದುವು. ತಾಯಿಯಿಂದ ಮಾತ್ರ ಇಳಿದುಬರುವ ಮೈಟೊಕಾಂಡ್ರಿಯದ ಡಿಎನ್‌ಎ ಅವುಗಳನ್ನು ಹನುಮಾನ್ ಮುಸುವದ ಕಡೆಗೆ ಸೇರಿಸಿತು; ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎ ಆಗ್ನೇಯ ಏಷ್ಯದ ಎಲೆಮುಸುವಗಳ ಕಡೆಗೆ ಸೇರಿಸಿತು. ಪೂರ್ವಕಾಲದಲ್ಲಿ ಎರಡು ಕುಲಗಳ ಸಂಕರವಾಗಿರಬಹುದೆಂಬುದು ಇದಕ್ಕೆ ಅವರು ಸೂಚಿಸಿದ ವಿವರಣೆ.

ಈ ವಿವರಣೆಯನ್ನು ಒಂದೇ 'ತಂದೆ'ಯ ಸ್ಥಾನವುಳ್ಳ ಗೆಣ್ಣಿನಲ್ಲಿ ಬರೆಯುವುದು ಹೇಗೆ? ಬರೆಯಲು ಆಗುವುದಿಲ್ಲ. ಒಂದು ಸಾಕ್ಷ್ಯವನ್ನು ಬಿಡಬೇಕು, ಇಲ್ಲವೆ ಎರಡು ಮರಗಳನ್ನು ಬರೆದು ಅವುಗಳ ವಿರೋಧವನ್ನು ಮಾತಿನಲ್ಲಿ ವಿವರಿಸಬೇಕು. ಮೂರನೆಯ ದಾರಿ ಮರವನ್ನು ಬಿಟ್ಟು ಬಲೆಯನ್ನು ಹಿಡಿಯುವುದು. ಗೇಬ್ರಿಯಲ್ ಕಾರ್ದೋನ, ಫ್ರಾನ್ಸೆಸ್ಕ್ ರೊಸೆಲ್ಲೊ, ಗೇಬ್ರಿಯಲ್ ವಾಲಿಯೆಂಟೆ ಎಂಬವರು ಅದೇ ೨೦೦೮ರಲ್ಲಿ ಸೂಚಿಸಿದ ವಿಸ್ತೃತ ನ್ಯೂಯಿಕ್ ಲಿಪಿಯಲ್ಲಿ ಸಂಕರದ ಗೆಣ್ಣನ್ನು ಒಂದು ಗುರುತಿನೊಡನೆ ಎರಡು ಕಡೆ ಬರೆಯಲಾಗುತ್ತದೆ:

((ಅ,(ಆ)#ಹ೧),(#ಹ೧,ಇ));

#ಹ೧ ಎಂಬ ಗುರುತು ಎರಡು ಬಾರಿ ಬಂದರೂ ಗೆಣ್ಣು ಒಂದೇ. ಆ ಎಂಬ ಎಲೆಗೆ ಎರಡು ಕಡೆಯಿಂದಲೂ ರಕ್ತಸಂಬಂಧ. ಅನಂತರದ ವಿದ್ವಾಂಸರು ಪ್ರತಿ ಕಡೆಯ ಪಾಲನ್ನೂ ಬರೆಯುವಂತೆ ಇದನ್ನು ಮತ್ತಷ್ಟು ವಿಸ್ತರಿಸಿದ್ದಾರೆ. ಹಳೆಯ ಲಿಪಿಯ ಸರಳತೆಯನ್ನು ಬಹುಮಟ್ಟಿಗೆ ಉಳಿಸಿಕೊಂಡು ಹೊಸ ಅರ್ಥವನ್ನು ತುಂಬಿದ ಈ ಪ್ರಯತ್ನ ಶ್ಲಾಘ್ಯವಾದದ್ದು. ಆದರೆ ಎಲ್ಲ ಕ್ರಮವಿಧಿಗಳೂ ಇದನ್ನು ಓದಲಾರವು. ಮರವನ್ನು ಮಾತ್ರ ಬಲ್ಲ ಸಾಧನ #ಹ೧ನ್ನು ಎರಡು ಬೇರೆ ಬೇರೆ ಗೆಣ್ಣುಗಳೆಂದು ತಿಳಿದು ಮುಂದುವರಿಯುವ ಸಾಧ್ಯತೆಯಿದೆ. ಅಪಾಯ ಮೊದಲಿನಂತೆಯೇ ಸದ್ದಿಲ್ಲದ್ದು.

೭

ನಮ್ಮ ವಾದಕ್ಕೆ ಒಂದು ಪ್ರಬಲವಾದ ಆಕ್ಷೇಪಣೆಯುಂಟು. ನ್ಯೂಯಿಕ್ ಲಿಪಿ ಸುಮಾರು ನಾಲ್ವತ್ತು ವರ್ಷಗಳಿಂದ ಬಾಳಿಬಂದದ್ದು ಅದರ ಸರಳತೆಯಿಂದಲೇ. ಒಂದು ಕಾಗದದ ಚೂರಿನ ಮೇಲೆ ಬರೆಯಬಹುದು, ಯಾವ ಯಂತ್ರದಲ್ಲಿಯಾದರೂ ಓದಬಹುದು. ೨೦೦೯ರಲ್ಲಿ ಹೊರಬಂದ 'ಫೈಲೊ ಎಕ್ಸ್‌ಎಂಎಲ್' ಎಂಬ ಲಿಪಿ ಪ್ರತಿಯೊಂದು ಗುಣಕ್ಕೂ ಪ್ರತ್ಯೇಕವಾದ ಸ್ಥಾನವನ್ನೂ ಹೆಸರನ್ನೂ ಕೊಡುತ್ತದೆ; ಆದರೂ ನ್ಯೂಯಿಕ್‌ನ ಬಳಕೆ ತಗ್ಗಲಿಲ್ಲ. ವಿವರ ಹೆಚ್ಚಿದಷ್ಟೂ ಬರಹ ಭಾರವಾಗುತ್ತದೆ, ಭಾರವಾದದ್ದನ್ನು ಜನ ಹೊರುವುದಿಲ್ಲ. ಈ ಆಕ್ಷೇಪಣೆಯನ್ನು ನಾವು ಒಪ್ಪುತ್ತೇವೆ. ಸರಳಲಿಪಿಯನ್ನು ತ್ಯಜಿಸಬೇಕೆಂದು ನಾವು ಹೇಳುತ್ತಿಲ್ಲ. ಅದು ಮೌನವಾಗಿರುವ ಕಡೆಗಳಲ್ಲಿ ಮಾತನಾಡುವ ಹೊಣೆ ಅದನ್ನು ಬಳಸುವವರದೆಂಬುದಷ್ಟೇ ನಮ್ಮ ಮಾತು.

ಕಾಲೇಜುಗಳಲ್ಲಿ ಈ ವಿಷಯವನ್ನು ಬೋಧಿಸುವ ಅಧ್ಯಾಪಕರು ವಿದ್ಯಾರ್ಥಿಗಳ ಕೈಗೆ ಸಿದ್ಧವಾದ ಕ್ರಮವಿಧಿಯನ್ನು ಕೊಡುವ ಮುನ್ನ ಐದಾರು ಎಲೆಗಳ ಮರವೊಂದನ್ನು ಕೈಯಲ್ಲಿಯೇ ಬರೆಯಿಸಿ, ಬೇರನ್ನು ಸರಿಸಿ, ಪ್ರತಿ ಅಂಕವೂ ಎಲ್ಲಿಗೆ ಹೋಗಬೇಕೆಂದು ಕೇಳುವುದು ಒಳ್ಳೆಯದು. ಆಮೇಲೆ ಅದೇ ಮರವನ್ನು ಯಂತ್ರಕ್ಕೆ ಕೊಟ್ಟು ಫಲಗಳನ್ನು ಹೋಲಿಸಿದರೆ ಒಂದು ಗಂಟೆಯ ಪಾಠದಲ್ಲಿ ಬಹಳಷ್ಟು ತಿಳಿಯುತ್ತದೆ. ತಾವೇ ಗೆಣ್ಣನ್ನು ನಿರೂಪಿಸಹೊರಟ ವಿದ್ಯಾರ್ಥಿಗಳು ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಟ್ಟುಕೊಳ್ಳಲಿ: ಈ ಬರಹ ಗೆಣ್ಣಿನ ಹೆಸರೋ ಕೊಂಬೆಯ ಅಳತೆಯೋ? ಅಳತೆಯಿಲ್ಲದ ಕಡೆ ಇಲ್ಲವೆಂದು ಹೇಳಲು ಬರುತ್ತದೆಯೇ? ಬೇರು ದತ್ತಾಂಶದಿಂದ ಬಂದದ್ದೋ ಬರವಣಿಗೆಯ ಅನುಕೂಲಕ್ಕೆ ಇಟ್ಟದ್ದೋ? ಹಲವು ಕವಲುಗಳು ವಾಸ್ತವವೋ ಅಜ್ಞಾನದ ಗುರುತೋ? ಎರಡನೆಯ ಹಿರಿಯನಿಗೆ ಸ್ಥಳವಿದೆಯೇ? ಇವುಗಳಲ್ಲಿ ಒಂದಕ್ಕೂ ಯಂತ್ರ ತಾನಾಗಿ ಉತ್ತರ ಕೊಡುವುದಿಲ್ಲ.

ಗೆಣ್ಣು ಕಂಡ ವಸ್ತುವಲ್ಲ, ಮಾಡಿದ ಊಹೆ. ಊಹೆಯನ್ನು ಬರೆದಿಡುವವನು ಅದರೊಡನೆ ಅದರ ಪ್ರಮಾಣವನ್ನೂ, ಪ್ರಮಾಣದ ಬಲಾಬಲವನ್ನೂ, ಅದು ಯಾವುದನ್ನು ಕುರಿತದ್ದೆಂಬುದನ್ನೂ ಬರೆದಿಡಬೇಕು. ಶಾಸನಗಳ ಪಾಠವನ್ನು ಪರಿಷ್ಕರಿಸಿದ ನಮ್ಮ ಹಿರಿಯ ವಿದ್ವಾಂಸರು ಈ ನಿಯಮವನ್ನು ಕಲ್ಲಿನ ಅಕ್ಷರಗಳ ವಿಷಯದಲ್ಲಿ ಪಾಲಿಸಿದರು. ಗಣಕದ ಅಕ್ಷರಗಳ ವಿಷಯದಲ್ಲಿಯೂ ಅದನ್ನು ಪಾಲಿಸುವುದು ನಮ್ಮ ತಲೆಮಾರಿನ ಕರ್ತವ್ಯವಾಗಿದೆ.